ನೂರಾಹತ್ತು ಹಳ್ಳಿಗಳು

2007ರ ಜನವರಿಯಲ್ಲಿ ಬೆಂಗಳೂರು ಒಂದು ಅಧಿಸೂಚನೆಯಿಂದ ಮೂರು ಪಟ್ಟು ದೊಡ್ಡದಾಯಿತು. ಅಲ್ಲಿಯತನಕ ಬೆಂಗಳೂರು ಮಹಾನಗರ ಪಾಲಿಕೆ ಅಂದರೆ ಸುಮಾರು 226 ಚದರ ಕಿಲೋಮೀಟರ್. ಅದಕ್ಕೆ ಯಲಹಂಕ, ಬ್ಯಾಟರಾಯನಪುರ, ಕೆ.ಆರ್. ಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ, ದಾಸರಹಳ್ಳಿ ಎಂಬ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ ಸುತ್ತಲಿನ 110 ಹಳ್ಳಿ ಸೇರಿಸಿದರು. ಹೆಸರಿನ ಮುಂದೆ 'ಬೃಹತ್' ಬಂತು. ವಿಸ್ತೀರ್ಣ 700 ಚದರ ಕಿಲೋಮೀಟರ್ ದಾಟಿತು. ಅಧಿಸೂಚನೆ ಹೊರಟ ದಿನ ಒಂದು ಇಟ್ಟಿಗೆಯೂ ಅಲ್ಲಾಡಲಿಲ್ಲ, ಒಂದು ಪೈಪೂ ಬೀಳಲಿಲ್ಲ. ರಾತ್ರಿ ಹಳ್ಳಿಯಲ್ಲಿ ಮಲಗಿದವರು ಬೆಳಿಗ್ಗೆ ಮಹಾನಗರದಲ್ಲಿ ಎದ್ದರು, ಅಷ್ಟೇ.

ಆ ನಗರಸಭೆಗಳಿಗೆ ಒಂದೊಂದು ಹೆಸರಿದೆ. ಹಳ್ಳಿಗಳಿಗೆ ಮಾತ್ರ ಸರ್ಕಾರದ ಬಾಯಲ್ಲಿ ಇವತ್ತಿಗೂ ಒಂದೇ ಹೆಸರು: '110 ಹಳ್ಳಿಗಳು'. ನೀರಿನ ಯೋಜನೆ ಬಂದರೂ ಹಾಗೆ, ಒಳಚರಂಡಿ ಟೆಂಡರ್ ಬಂದರೂ ಹಾಗೆ. ನಾನು ಬಾಡಿಗೆಗೆ ಇರುವುದು ಅಂಥದ್ದೇ ಒಂದು ಹಳ್ಳಿಯಲ್ಲಿ. ವಿಳಾಸದಲ್ಲಿ ಹಳ್ಳಿಯ ಹೆಸರಿದೆ, ಆದರೆ ಡೆಲಿವರಿ ಹುಡುಗರಿಗೆ ಅದನ್ನು ಹೇಳಿದರೆ ತಿಳಿಯೋದಿಲ್ಲ, ಪಕ್ಕದ ಟೆಕ್ ಪಾರ್ಕ್ ಹೆಸರು ಹೇಳಬೇಕು. ಊರ ಮಧ್ಯೆ ಹಳೇ ಅಶ್ವತ್ಥಕಟ್ಟೆ ಇದೆ, ಅದರ ಸುತ್ತ ಪಿಜಿಗಳಿವೆ. ಬೆಳಿಗ್ಗೆ ಆರಕ್ಕೆ ಟ್ಯಾಂಕರ್ ಹಾರ್ನ್ ಕೇಳಿಸಿದರೆ ಅವತ್ತು ಸ್ನಾನ ಉಂಟು ಅಂತ ಲೆಕ್ಕ.

ಊರು ಬೆಳೆಯೋದು ಅಂದರೆ ಕಟ್ಟಡ ಏಳೋದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಬೆಂಗಳೂರಿನ ಚರಿತ್ರೆ ಓದುತ್ತ ಹೋದರೆ ಬೇರೆಯದೇ ಕ್ರಮ ಕಾಣುತ್ತದೆ. ಮೊದಲು ಕಾಗದದಲ್ಲಿ ಹೆಸರು ಬದಲಾಗುತ್ತದೆ. ಆಮೇಲೆ ನೋಡಿಕೊಳ್ಳುವವರು ಹೋಗುತ್ತಾರೆ. ಆಮೇಲೆ ಕೆರೆ ಹೋಗುತ್ತದೆ. ಪೈಪು ಬರುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ನನಗೆ ಯಾಕೆ ಮುಖ್ಯವಾಯಿತು ಅನ್ನೋದಕ್ಕೆ ನಮ್ಮೂರು ಯಡ್ತರೆಯೂ ಒಂದು ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೀರಿನ ವಿಷಯ. ಬೈಂದೂರು, ಕುಂದಾಪುರ ಕಡೆಯಲ್ಲಿ ಹುಟ್ಟಿದವರಿಗೆ ಬೆಂಗಳೂರು ಬೇಗ ಅರ್ಥವಾಗುವ ಊರಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಪಶ್ಚಿಮ ಘಟ್ಟದಿಂದ ಇಳಿದ ಹೊಳೆ ಗದ್ದೆ ದಾಟಿ ಸಮುದ್ರ ಸೇರುತ್ತದೆ. ನೀರನ್ನು ಹಿಡಿದಿಡುವುದಕ್ಕಿಂತ ಸಾಗಹಾಕುವುದೇ ದೊಡ್ಡ ಕೆಲಸ. ಬೆಂಗಳೂರಿಗೆ ಬೀಳುವುದು ಅದರ ಕಾಲು ಭಾಗ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ.

ಇಂಥ ಜಾಗದಲ್ಲಿ ಊರು ಕಟ್ಟಬೇಕು ಅಂದರೆ ಮೊದಲು ಕೆರೆ ಕಟ್ಟಬೇಕು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವ ಎಷ್ಟೋ ಮೊದಲೇ ಈ ಸೀಮೆಯ ಜನರಿಗೆ ಇದು ಗೊತ್ತಿತ್ತು. ಈಗಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಆಚೆ ಇರುವ ವಿಭೂತಿಪುರದಲ್ಲಿ 1307ರ ಒಂದು ಶಾಸನವಿದೆ. ಕಾಡು ಕಡಿದು, ನೆಲ ಹಸನು ಮಾಡಿ, ಕೆರೆ ಕಟ್ಟಿದ ವಿಷಯ ಅದರಲ್ಲಿದೆ. ಕೆಂಪೇಗೌಡರು, ಅವರ ನಂತರದವರು ಅದೇ ಪದ್ಧತಿ ಮುಂದುವರಿಸಿದರು.

ಕೆರೆ ಅಂದರೆ ಒಂದು ಹೊಂಡ ಅನ್ನೋದು ನಮ್ಮ ಪೇಟೆಯವರ ಕಲ್ಪನೆ. ಬಯಲುಸೀಮೆಯ ಕೆರೆ ಒಂದು ಸರಣಿಯ ನಡುವಿನ ಕೊಂಡಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ನಡುನಡುವೆ ತೂಬು ತೆಗೆದು ಗದ್ದೆಗೆ ನೀರು. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಗೊಬ್ಬರ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದೊಂದು ಲಿಂಕ್ಡ್ ಲಿಸ್ಟ್. ನಡುವಿನ ನೋಡ್ ಒಂದನ್ನು ಡಿಲೀಟ್ ಮಾಡಿ ಪಾಯಿಂಟರ್ ಸರಿಮಾಡದೆ ಬಿಟ್ಟರೆ ಏನಾಗುತ್ತೆ ಅಂತ ಮೊದಲ ಸೆಮಿಸ್ಟರ್ ಹುಡುಗರಿಗೂ ಗೊತ್ತು. ಆದರೆ ಸೈಟ್ ಪ್ಲಾನ್ ಮಂಜೂರು ಮಾಡಿದವರು ಆ ಕ್ಲಾಸಿಗೆ ಬಂದ ಹಾಗಿಲ್ಲ.

ಈ ಸರಣಿಯನ್ನು ನಡೆಸುತ್ತಿದ್ದವನು ನೀರುಗಂಟಿ. ಯಾವ ದಿನ ಯಾವ ತೂಬು ಎಷ್ಟು ಹೊತ್ತು ತೆಗೆಯಬೇಕು, ಯಾರ ಗದ್ದೆಗೆ ಮೊದಲು, ಏರಿಯಲ್ಲಿ ಎಲ್ಲಿ ಹೆಗ್ಗಣ ಬಿಲ ತೋಡಿದೆ, ಇದೆಲ್ಲ ಅವನ ತಲೆಯಲ್ಲಿ. ಕೂಲಿಯ ಬದಲು ಅವನಿಗೆ ಸ್ವಲ್ಪ ಇನಾಂ ಜಮೀನು, ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಒಂದಿಷ್ಟು ಕಾಳು. ಇದನ್ನು ಚಿನ್ನದ ಕಾಲ ಅಂತ ಬರೆಯೋದಕ್ಕೆ ನನಗೆ ಮನಸ್ಸಿಲ್ಲ. ನೀರುಗಂಟಿ, ತೋಟಿ, ತಳವಾರ ಇವೆಲ್ಲ ಹುಟ್ಟಿನಿಂದ ಬರುವ ಚಾಕರಿಗಳು, ಬಹಳ ಕಡೆ ದಲಿತ ಕುಟುಂಬಗಳ ಹೆಗಲ ಮೇಲೆ ಬಿದ್ದವು. ಊರಿಗೆಲ್ಲ ನೀರು ಹಂಚುವವನು ಊರ ಬಾವಿ ಮುಟ್ಟುವ ಹಾಗಿರಲಿಲ್ಲ. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ವಂಶಪಾರಂಪರ್ಯದ ಚಾಕರಿಗಳನ್ನು ತೆಗೆದುಹಾಕಿತು. ಸರಿಯಾದ ಕಾಯ್ದೆಯೇ. ಆದರೆ ಹುದ್ದೆ ತೆಗೆದವರು ಆ ಕೆಲಸವನ್ನು ಇನ್ನು ಯಾರು ಮಾಡಬೇಕು ಅಂತ ಹೇಳಲಿಲ್ಲ. ಕೆರೆ ಇಲಾಖೆಯ ಕಡತಕ್ಕೆ ಹೋಯಿತು. ಇಲಾಖೆಯ ಇಂಜಿನಿಯರ್ ವರ್ಷಕ್ಕೆ ಒಂದು ಸಲ ಜೀಪಿನಲ್ಲಿ ಬರುತ್ತಿದ್ದರು, ಹೆಗ್ಗಣ ದಿನಾ ಬರುತ್ತಿತ್ತು.

ಪೇಟೆಯ ಹತ್ತಿರದ ಕೆರೆಗಳ ಕಥೆ ಅದಕ್ಕೂ ಮುಂಚೆಯೇ ಮುಗಿಯುತ್ತ ಬಂದಿತ್ತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ರೈಲು ದಾರಿ, ಹೊಸ ಬಡಾವಣೆಗಳು ಬಂದು ಕೆರೆಗೆ ನೀರು ತರುವ ಕಾಲುವೆಗಳು ತುಂಡಾದವು. 20ನೇ ಶತಮಾನದ ಮೊದಲ ಭಾಗಕ್ಕೆ ಅದು ಬಯಲಾಯಿತು. ಬಯಲಿನಲ್ಲಿ ಸ್ವಾತಂತ್ರ್ಯ ಚಳವಳಿಯ ಸಭೆ ನಡೆದವು, ಸುಭಾಷ್ ನಗರ ಅಂತ ಹೆಸರು ಬಂತು, ಕಡೆಗೆ ಬಸ್ಸು ಬಂತು. ಪಕ್ಕದಲ್ಲಿ ಇವತ್ತೂ ಟ್ಯಾಂಕ್ ಬಂಡ್ ರಸ್ತೆ ಇದೆ. ಕೆರೆ ಹೋದರೂ ಏರಿಯ ಹೆಸರು ಉಳಿಯಿತು. ಊರಿಗೆ ಹೋಗೋ ರಾತ್ರಿ ಬಸ್ಸಿಗೆ ಓಡುವಾಗ ಆ ಬೋರ್ಡ್ ಯಾರು ಓದುತ್ತಾರೆ ಬಿಡಿ.

ಸಂಪಂಗಿ ಕೆರೆಯ ಜಗಳ ಇನ್ನೂ ಕುತೂಹಲದ್ದು. 19ನೇ ಶತಮಾನದ ಕೊನೆಯಲ್ಲಿ ಅದರ ಸುತ್ತ ತಿಗಳರ ತರಕಾರಿ, ಹೂವಿನ ತೋಟಗಳಿದ್ದವು. ಅವರಿಗೆ ಕೆರೆಯಲ್ಲಿ ನೀರು ನಿಲ್ಲಬೇಕು. ಪೋಲೋ ಆಡುವ ಬ್ರಿಟಿಷ್ ದೊರೆಗಳಿಗೆ ಅಂಗಳ ಒಣಗಬೇಕು. ತೋಟದವರು ಅರ್ಜಿ ಮೇಲೆ ಅರ್ಜಿ ಬರೆದರು. ಕೊನೆಗೆ ಗೆದ್ದದ್ದು ಯಾರು ಅಂತ ನೋಡಬೇಕಾದರೆ ಕಂಠೀರವ ಕ್ರೀಡಾಂಗಣಕ್ಕೆ ಹೋಗಿ. ಅದರ ಪಕ್ಕ ಒಂದು ಸಣ್ಣ ಹೊಂಡ ಉಳಿದಿದೆ, ಕರಗದ ಪೂಜೆ ಅಲ್ಲಿ ನಡೆಯುತ್ತದೆ. ಕೆರೆಯನ್ನು ಬಳಸುತ್ತಿದ್ದ ಜನಕ್ಕೆ ವರ್ಷಕ್ಕೊಮ್ಮೆ ಪೂಜೆ ಮಾಡುವಷ್ಟು ನೀರು ಬಿಟ್ಟುಕೊಟ್ಟ ಹಾಗೆ. 1997ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಆಟ ಕಂಠೀರವದಲ್ಲಿ, ಆಟಗಾರರ ವಸತಿ ಕೋರಮಂಗಲ ಕೆರೆಯಂಗಳದಲ್ಲಿ ಕಟ್ಟಿದ ನ್ಯಾಷನಲ್ ಗೇಮ್ಸ್ ವಿಲೇಜಿನಲ್ಲಿ. ಒಂದೇ ಕೂಟ, ಎರಡು ಕೆರೆ.

ಇಷ್ಟು ಸುಲಭವಾಗಿ ಕೆರೆ ಬಿಟ್ಟುಕೊಡೋದಕ್ಕೆ ಜನಕ್ಕೆ ಹೇಗೆ ಮನಸ್ಸು ಬಂತು? ನನಗೆ ಕಾಣುವ ಉತ್ತರ ನಲ್ಲಿ. 1894ರಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕೆರೆ ಮಾಡಿ ಪೇಟೆಗೆ ನೀರು ತಂದರು. ಅದು ಸಾಲದಾದಾಗ 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು. ಅದೂ ಸಾಲದಾಗಿ 1974ರಲ್ಲಿ ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತದಲ್ಲಿ ಪಂಪ್ ಮಾಡಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತರಬೇಕು. ನೀರು ದೂರದಿಂದ ಬರತೊಡಗಿದ ಮೇಲೆ ಮನೆ ಮುಂದಿನ ಕೆರೆ ಬರೀ ಸೊಳ್ಳೆಯ ಮನೆ. ಮಲೇರಿಯಾ ಹೆಸರಲ್ಲಿ ಏರಿ ಒಡೆದು ನೀರು ಬಿಟ್ಟ ಕೆರೆಗಳೂ ಇವೆ. 1985ರಲ್ಲಿ ನೇಮಿಸಿದ ಲಕ್ಷ್ಮಣ ರಾವ್ ಸಮಿತಿ ಉಳಿದ ಕೆರೆಗಳನ್ನು ಒಡೆಯಬೇಡಿ, ಕೊಳಚೆ ಬಿಡಬೇಡಿ ಅಂತ ಸ್ಪಷ್ಟವಾಗಿ ಹೇಳಿತು. ಸರ್ಕಾರ ವರದಿ ಒಪ್ಪಿಕೊಂಡಿತು ಕೂಡ. ನಮ್ಮಲ್ಲಿ ಒಪ್ಪಿಕೊಂಡ ವರದಿಗೆ ಇರುವಷ್ಟು ಆಯುಸ್ಸು ಒಪ್ಪಿಕೊಳ್ಳದ ವರದಿಗೂ ಇರುತ್ತದೆ.

1951ರಲ್ಲಿ ಬೆಂಗಳೂರಿನ ಜನಸಂಖ್ಯೆ ಎಂಟು ಲಕ್ಷದ ಒಳಗೆ. 1981ಕ್ಕೆ 29 ಲಕ್ಷ. 2011ಕ್ಕೆ 84 ಲಕ್ಷ. ಬಂದವರೆಲ್ಲ ಎಲ್ಲಾದರೂ ಇರಲೇಬೇಕಲ್ಲ. ಅದನ್ನು ನಾನು ತಪ್ಪು ಅನ್ನೋದಿಲ್ಲ. ಯಡ್ತರೆಯಲ್ಲಿ ಬಿ.ಇ. ಓದಿದವನಿಗೆ ಕೆಲಸ ಇಲ್ಲ, ಬೆಂಗಳೂರಿನಲ್ಲಿ ಇದೆ. ತಕರಾರು ಇರುವುದು ಬೆಳೆದ ರೀತಿಯಲ್ಲಿ. 1976ರಲ್ಲಿ ಹುಟ್ಟಿದ ಬಿಡಿಎ ಕೊಡುವ ಸೈಟಿಗೆ ದಶಕಗಟ್ಟಲೆ ಕ್ಯೂ. ಅಷ್ಟು ಕಾಯಲಾರದವರು ಹೊರಗೆ ರೆವಿನ್ಯೂ ಸೈಟ್ ಕೊಂಡರು. ಹೊಲದ ನಡುವೆ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು, ಜಿಪಿಎ ಮೇಲೆ ಮಾರಿದ ಸೈಟು. ರಸ್ತೆ ಇಪ್ಪತ್ತಡಿ, ಚರಂಡಿ ದೇವರಿಗೇ ಗೊತ್ತು. 1984ರ ಮಾಸ್ಟರ್ ಪ್ಲಾನ್ ಊರ ಸುತ್ತ ಹಸಿರು ಪಟ್ಟಿ ಎಳೆದಿತ್ತು, ಮುಂದಿನ ಪ್ಲಾನುಗಳಲ್ಲಿ ಆ ಪಟ್ಟಿ ಹೊರಹೊರಗೆ ಸರಿದು ಸಣ್ಣದಾಯಿತು. ಇತ್ತ ವೈಟ್‌ಫೀಲ್ಡ್, ಅತ್ತ ಎಲೆಕ್ಟ್ರಾನಿಕ್ಸ್ ಸಿಟಿ, ನಡುವೆ ಹೊರ ವರ್ತುಲ ರಸ್ತೆ. ಕಂಪನಿಗಳು ಊರ ಹೊರಗೆ ಹೋದವು, ಅವುಗಳ ಹಿಂದೆ ಅಪಾರ್ಟ್‌ಮೆಂಟ್, ಅಪಾರ್ಟ್‌ಮೆಂಟಿನ ಹಿಂದೆ ಅಲ್ಲಿ ಕೆಲಸ ಮಾಡುವವರ ಶೀಟ್ ಮನೆ.

ಹಳ್ಳಿಯವರು ಜಮೀನು ಮಾರಿ ಕೋಟ್ಯಧಿಪತಿಗಳಾದರು ಅಂತ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಮಾತಿದೆ. ಪಹಣಿಯಲ್ಲಿ ಹೆಸರಿದ್ದ ಕೆಲವರು ಆದರು, ಹೌದು. ಪಹಣಿಯಲ್ಲಿ ಹೆಸರೇ ಇಲ್ಲದವರ ಲೆಕ್ಕ ಆ ಮಾತಿನಲ್ಲಿ ಬರುವುದಿಲ್ಲ. ಗೋಮಾಳದಲ್ಲಿ ಎರಡು ಹಸು ಮೇಯಿಸಿ ಡೇರಿಗೆ ಹಾಲು ಹಾಕುತ್ತಿದ್ದವಳು, ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವನು, ಕೆರೆದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಹುಲ್ಲು ಕೊಯ್ದು ಮಾರುತ್ತಿದ್ದವರು, ಗುಂಡುತೋಪಿನ ಹುಣಸೆ ಉದುರಿಸುತ್ತಿದ್ದವರು. ಇವರ ಬದುಕು ನಡೆಯುತ್ತಿದ್ದದ್ದು ಯಾರ ಹೆಸರಿಗೂ ಇಲ್ಲದ ಜಾಗದಲ್ಲಿ. ಯಾರ ಹೆಸರಿಗೂ ಇಲ್ಲದ್ದು ಹೋದಾಗ ಪರಿಹಾರವೂ ಯಾರಿಗೂ ಇಲ್ಲ. ಪೇಟೆ ಹಬ್ಬುವುದರಿಂದ ಆಗುವ ಸಾಮಾಜಿಕ ನಷ್ಟ ಅಂತ ದೊಡ್ಡ ಪದದಲ್ಲಿ ಏನನ್ನು ಹೇಳುತ್ತಾರೋ ಅದರ ದೊಡ್ಡ ಪಾಲು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ ಕೆರೆ ಒತ್ತುವರಿ ಲೆಕ್ಕ ಹಾಕಿದಾಗ ಹತ್ತು ಸಾವಿರ ಎಕರೆ ಮೀರಿತು. ಒತ್ತುವರಿ ಮಾಡಿದವರಲ್ಲಿ ಖಾಸಗಿಯವರಷ್ಟೇ ಇಲ್ಲ, ಸರ್ಕಾರಿ ಸಂಸ್ಥೆಗಳೂ ಇವೆ.

ಇನ್ನು 2007ರ ಅಧಿಸೂಚನೆಗೆ ವಾಪಸ್ ಬರೋಣ. ಅಲ್ಲಿಯವರೆಗೆ ಆ 110 ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿ ಇತ್ತು. ದೊಡ್ಡ ಶಕ್ತಿಯೇನೂ ಇಲ್ಲದ ಪಂಚಾಯತಿ, ಆದರೂ ಕೆರೆಗೆ ಕೊಳಚೆ ಬಂದರೆ ಸದಸ್ಯನ ಮನೆ ಬಾಗಿಲಿಗೆ ಹೋಗಿ ಬೈಯಬಹುದಿತ್ತು. ಪಾಲಿಕೆ ಆದಮೇಲೆ ಆ ಬಾಗಿಲು ಮುಚ್ಚಿತು, ಹೊಸ ಬಾಗಿಲು ಹಡ್ಸನ್ ವೃತ್ತದಲ್ಲಿ. ಕಾನೂನಿನ ಪ್ರಕಾರ ಇಲ್ಲದ ಸೈಟುಗಳನ್ನು ಬರೆದಿಡಲು ಒಂದು ಬಿ ರಿಜಿಸ್ಟರ್ ಮಾಡಿದರು, ಅದರಿಂದ ಬಿ ಖಾತಾ ಅನ್ನುವ ಪದ ನಮ್ಮ ನಿಘಂಟಿಗೆ ಬಂತು. ತೆರಿಗೆ ತಗೊಳ್ಳುತ್ತೇವೆ, ಆದರೆ ನೀವು ಇದ್ದೀರಿ ಅಂತ ಒಪ್ಪೋದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಚೊಕ್ಕ ಹೆಸರು ಇಲ್ಲ. ಕೆರೆಯ ವಿಷಯಕ್ಕೆ ಬಂದರೆ ನೀರು ಒಂದು ಇಲಾಖೆಯದ್ದು, ಏರಿ ಇನ್ನೊಂದರದ್ದು, ಒಳಗೆ ಬರುವ ಕೊಳಚೆ ಜಲಮಂಡಳಿಯದ್ದು, ದಂಡೆಯ ಕಸ ಪಾಲಿಕೆಯದ್ದು. ನೀರುಗಂಟಿಯ ಜಾಗದಲ್ಲಿ ನಾಲ್ಕು ಕಚೇರಿ.

ಪೈಪ್ ಇಲ್ಲದ ಕಡೆ ಜನ ಬದುಕಿದ್ದು ಕೊಳವೆಬಾವಿಯಲ್ಲಿ. ಒಳಚರಂಡಿ ಇಲ್ಲದ ಕಡೆ ಬಳಸಿದ ನೀರು ಹೋಗಿದ್ದು ರಾಜಕಾಲುವೆಗೆ. ಅದು ಮಳೆನೀರಿನ ಕಾಲುವೆ ಆದ್ದರಿಂದ ಕೊಳಚೆಯೂ ಕೆರೆಯಿಂದ ಕೆರೆಗೆ ಇಳಿಯಿತು. ಹಳೇ ಸರಣಿ ಬಹಳ ಚೆನ್ನಾಗಿ ಕೆಲಸ ಮಾಡಿತು ಅನ್ನಬೇಕು, ಸಾಗಿಸಿದ್ದು ಮಾತ್ರ ಬೇರೆ. ಆ ಕಣಿವೆಯ ತಳದಲ್ಲಿ ಕೂತಿರುವುದು ಬೆಳ್ಳಂದೂರು, ಸುಮಾರು 900 ಎಕರೆಯ ಕೆರೆ, ಅದರ ಕೆಳಗೆ ವರ್ತೂರು. ವರ್ತೂರಿನ ಕೋಡಿಯಲ್ಲಿ ನೀರು ಧುಮುಕುವಾಗ ಸೋಪಿನ ನೊರೆ ಎದ್ದು ಗಾಳಿಗೆ ರಸ್ತೆ ಮೇಲೆ ಹಾರುತ್ತಿತ್ತು. ಬೈಕಿನವರ ಹೆಲ್ಮೆಟ್ ಮೇಲೆ ಹಿಮ ಬಿದ್ದ ಹಾಗೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ. 2018ರ ಜನವರಿಯಲ್ಲಿ ಉರಿದದ್ದನ್ನು ಆರಿಸಲು ಸೈನಿಕರೂ ಬರಬೇಕಾಯಿತು. ಕೆರೆಗೆ ಬೆಂಕಿ ಬಿದ್ದ ಸುದ್ದಿ ಹೊರದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ಕೆರೆಯ ನೀರು ಕುಡಿದು, ಅದರಲ್ಲಿ ಭತ್ತ ಬೆಳೆದ ನೆನಪಿರುವ ಅಜ್ಜಂದಿರು ಅದೇ ಊರಿನಲ್ಲಿ ಇನ್ನೂ ಇದ್ದಾರೆ.

2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಮಳೆ ನಿಮಗೆಲ್ಲ ನೆನಪಿರುತ್ತದೆ. ಹೊರ ವರ್ತುಲ ರಸ್ತೆ ಹೊಳೆಯಾಯಿತು, ಲ್ಯಾಪ್‌ಟಾಪ್ ಬ್ಯಾಗ್ ಹಿಡಿದ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಟ್ರ್ಯಾಕ್ಟರ್ ಇನ್ನೂ ಉಳಿದಿತ್ತಲ್ಲ, ಅದು ಹಳ್ಳಿಯ ಪುಣ್ಯ. ಟಿವಿಯವರು ವಿಲ್ಲಾಗಳಿಗೆ ಕ್ಯಾಮೆರಾ ಹಿಡಿದರು. ಅದೇ ನೀರು ಒಂದು ಫರ್ಲಾಂಗ್ ಕೆಳಗೆ ಕಟ್ಟಡ ಕಾರ್ಮಿಕರ ಶೆಡ್ಡುಗಳ ಒಳಗೂ ಹೋಗಿತ್ತು, ಅವರು ಉತ್ತರ ಕರ್ನಾಟಕದವರು, ಬಂಗಾಳದವರು. ಅವರಿಗೆ ವರ್ಕ್ ಫ್ರಮ್ ಹೋಮ್ ಇರಲಿಲ್ಲ, ಆ ವಾರ ಹೋಮೂ ಇರಲಿಲ್ಲ. ಒಂದೂವರೆ ವರ್ಷ ಬಿಟ್ಟು, 2024ರ ಮಾರ್ಚಿನಲ್ಲಿ ಅದೇ ಜಾಗದಲ್ಲಿ ನೀರೇ ಇಲ್ಲ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಒಣಗಿವೆ ಅಂತ ಸರ್ಕಾರವೇ ಹೇಳಿತು. ಮುಳುಗುವುದು, ಒಣಗುವುದು ಎರಡಕ್ಕೂ ಕಾರಣ ಒಂದೇ. ಬಿದ್ದ ನೀರು ನಿಲ್ಲಲು ಜಾಗ ಇಲ್ಲ, ಇಂಗಲು ಮಣ್ಣಿಲ್ಲ. 1973ರಿಂದ ಈಚೆಗೆ ಬೆಂಗಳೂರಿನ ಜಲಕಾಯಗಳ ವಿಸ್ತೀರ್ಣ ಶೇ. 79ರಷ್ಟು ಇಳಿದಿದೆ ಅನ್ನುವುದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕ.

ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್, ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ಅಧಿಸೂಚನೆಗೂ ಉದ್ಘಾಟನೆಗೂ ನಡುವೆ 17 ವರ್ಷ. ಆ ವರ್ಷ ಹುಟ್ಟಿದ ಮಗು ಟ್ಯಾಂಕರ್ ನೀರು ಕುಡಿದೇ ಪಿಯುಸಿ ತಲುಪಿದೆ. ಮನೆಮನೆಗೆ ಸಂಪರ್ಕ ಸಿಗುವುದು ಅದರ ಮುಂದಿನ ಮಾತು.

ಊರು ಹಬ್ಬುವುದರ ಬೆಲೆ ಪಾಲಿಕೆಯ ಗಡಿಯಲ್ಲಿ ನಿಲ್ಲುವುದೂ ಇಲ್ಲ. ನಮ್ಮ ಕಸ ಮಾವಳ್ಳಿಪುರಕ್ಕೆ ಹೋಯಿತು, ಆಮೇಲೆ ಮಂಡೂರಿಗೆ. 2014ರಲ್ಲಿ ಮಂಡೂರಿನ ಜನ ರಸ್ತೆಯಲ್ಲಿ ಕೂತು ಲಾರಿ ತಡೆದ ಮೇಲೆ ಬೇರೆ ಹಳ್ಳಿ ಹುಡುಕಿದರು. ಪಶ್ಚಿಮದ ಕೊಳಚೆ ವೃಷಭಾವತಿಯಲ್ಲಿ ಇಳಿದು ಬಿಡದಿ ಹತ್ತಿರದ ಬೈರಮಂಗಲ ಜಲಾಶಯ ಸೇರುತ್ತದೆ. 1940ರ ದಶಕದಲ್ಲಿ ರೈತರ ಗದ್ದೆಗೆ ನೀರುಣಿಸಲು ಕಟ್ಟಿದ ಜಲಾಶಯ ಅದು. ದಶಕಗಳಿಂದ ಅಲ್ಲಿಯ ರೈತರು ನಮ್ಮ ಬಚ್ಚಲು ನೀರಿನಲ್ಲಿ ಬೆಳೆ ತೆಗೆಯುತ್ತಿದ್ದಾರೆ. ಭತ್ತ ಬಿಟ್ಟು ಆ ನೀರಿಗೆ ತಡೆಯುವ ಬೆಳೆ ಹುಡುಕಿಕೊಂಡರು, ಹಸುವಿನ ಮೇವು ಬೆಳೆದು ಹಾಲು ಮಾರಿದರು. ಹೇಗೋ ಒಂದು ದಾರಿ ಮಾಡಿಕೊಂಡರು. ಈಗ 2025ರಲ್ಲಿ ಬಿಡದಿ ಟೌನ್‌ಶಿಪ್ ಅಂತ ಅದೇ ಬೈರಮಂಗಲ, ಕಂಚುಗಾರನಹಳ್ಳಿ ಸೀಮೆಯ ಸಾವಿರಾರು ಎಕರೆ ಸ್ವಾಧೀನಕ್ಕೆ ನೋಟಿಸು ಬಂದಿದೆ. ಮೊದಲು ಪೇಟೆಯ ಕೊಳಚೆ ಬಂತು, ಈಗ ಪೇಟೆಯೇ ಬರುತ್ತಿದೆ. ರೈತರು ಧರಣಿ ಕೂತರು. ಅದೇ ವರ್ಷ ರಾಮನಗರ ಜಿಲ್ಲೆಯ ಹೆಸರು 'ಬೆಂಗಳೂರು ದಕ್ಷಿಣ' ಆಯಿತು. ಅದೇ ವರ್ಷ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದವು. ಕಾಗದದ ಕೆಲಸ ನಮ್ಮಲ್ಲಿ ಯಾವತ್ತೂ ಟೈಮಿಗೆ ಸರಿಯಾಗಿ ಆಗುತ್ತದೆ.

ಈಗ ಯಡ್ತರೆಗೆ. ಬೈಂದೂರಿನ ಮೂಕಾಂಬಿಕಾ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಸ್ವಲ್ಪವೇ ದೂರ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥ ಆಗಿ ಊರನ್ನು ಎರಡು ಸೀಳು ಮಾಡಿದೆ. ಹೆದ್ದಾರಿ ಪಕ್ಕ ಅಂಗಡಿ, ಬ್ಯಾಂಕು, ಕಲ್ಯಾಣಮಂಟಪ, ಒಳ್ಳೇ ಪೇಟೆಯ ಹಾಗೇ ಕಾಣುತ್ತದೆ. ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಬೈಲು, ತೋಡು, ಅಡಿಕೆ ತೋಟ, ಅದರ ಮೇಲೆ ಹಾಡಿ, ಅದರ ಮೇಲೆ ಘಟ್ಟದ ಕಾಡು. ಕೆಲವು ವರ್ಷಗಳ ಹಿಂದೆ ಬೈಂದೂರು, ಯಡ್ತರೆ ಮತ್ತು ಅಕ್ಕಪಕ್ಕದ ಗ್ರಾಮಗಳನ್ನು ಸೇರಿಸಿ ಬೈಂದೂರು ಪಟ್ಟಣ ಪಂಚಾಯತಿ ಮಾಡಿದರು. ಆ ಸುದ್ದಿಯನ್ನು ಅಪ್ಪಯ್ಯ ನನಗೆ ಫೋನಿನಲ್ಲಿ ಹೇಳಿದ್ದು ಹೀಗೆ: "ನಾವಿನ್ ಪೇಟಿಯರ್ ಅಂಬ್ರ್ ಮಗಾ. ಗೆದ್ದಿ ಮಾತ್ರ ಇದ್ದಲ್ಲೇ ಇತ್ತ್."

ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಪಟ್ಟಣ ಪಂಚಾಯತಿ ಆಗಲು ಕೆಲವು ಅಳತೆಗಳಿವೆ. ಜನಸಂಖ್ಯೆ ಕನಿಷ್ಠ 10 ಸಾವಿರ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ಉದ್ಯೋಗದಲ್ಲಿ ಅರ್ಧದಷ್ಟಾದರೂ ಕೃಷಿಯೇತರ. ಹೆದ್ದಾರಿ ಬದಿಯ ಪೇಟೆಯನ್ನೂ ಕಾಡಿನ ಅಂಚಿನ ಮನೆಗಳನ್ನೂ ಕೂಡಿಸಿ ಭಾಗಿಸಿದರೆ ಸರಾಸರಿಯಲ್ಲಿ ಎಲ್ಲರೂ ಪೇಟೆಯವರೇ. ಮುಂಡು ಉಟ್ಟು ನೇಜಿ ನೆಡುವವನೂ ಪೇಟೆಯವನೇ. ಪೇಟೆ ಆದ ಮೇಲೆ ಉದ್ಯೋಗ ಖಾತ್ರಿ ಇಲ್ಲ, ಅದು ಗ್ರಾಮಗಳಿಗೆ ಮಾತ್ರ. ಹಿಂದೆ ಆ ಯೋಜನೆಯ ಕೂಲಿಯಲ್ಲೇ ತೋಡಿನ ಹೂಳು ತೆಗೆಯುವುದು, ತೋಟಕ್ಕೆ ಬಾವಿ ತೋಡುವುದು, ಬಸಿಗಾಲುವೆ ಮಾಡುವುದು ಆಗುತ್ತಿತ್ತು. ಮನೆ ಕಟ್ಟುವ ನಿಯಮ, ತೆರಿಗೆ ಎಲ್ಲ ಪೇಟೆಯದ್ದು. 2025ರಲ್ಲಿ ಬೈಂದೂರಿನ ರೈತರು ಗ್ರಾಮೀಣ ಭಾಗಗಳನ್ನು ಪಟ್ಟಣ ಪಂಚಾಯತಿಯಿಂದ ಹೊರಗಿಡಿ ಅಂತ ವಾರಗಟ್ಟಲೆ ಧರಣಿ ಕೂತರು. ಬೆಂಗಳೂರಿನ ನನ್ನ ಗೆಳೆಯರಿಗೆ ಇದು ವಿಚಿತ್ರ ಅನಿಸಿತು. ಅಭಿವೃದ್ಧಿ ಬೇಡ ಅನ್ನುವವರೂ ಇದ್ದಾರಾ ಅಂತ ಒಬ್ಬ ಕೇಳಿದ. ಅವನಿಗೆ ನಾನು 110 ಹಳ್ಳಿಗಳ ಕಥೆ ಹೇಳಿದೆ.

ಯಡ್ತರೆ ಬೆಳ್ಳಂದೂರು ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಜನಸಂಖ್ಯೆ ಇಲ್ಲ, ಆ ಕಂಪನಿಗಳೂ ಬರುವುದಿಲ್ಲ. ಆದರೆ ಕ್ರಮ ಅದೇ ಇದೆ. ಹೆಸರು ಬದಲಾಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು ಕೃಷಿಕರಲ್ಲದವರೂ ಗದ್ದೆ ಕೊಳ್ಳಬಹುದಾಗಿದೆ. ಕೊಲ್ಲೂರಿಗೆ ಹೋಗುವ ದಾರಿ, ಸಮುದ್ರ ಹತ್ತಿರ, ರೈಲು ಇದೆ. ಬೆಂಗಳೂರಿನಿಂದ ಸೈಟ್ ಕೇಳಿಕೊಂಡು ಬರುವವರು ಬರುತ್ತಿದ್ದಾರೆ. ಗದ್ದೆಗೆ ಕೆಂಪು ಮಣ್ಣು ಹೊಡೆದು ಎತ್ತರ ಮಾಡಿದರೆ ಮೊದಲ ಮಳೆಗಾಲಕ್ಕೇ ಪಕ್ಕದ ಗದ್ದೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ನಮ್ಮಲ್ಲಿ ಕೆರೆಸರಣಿ ಇಲ್ಲ, ಆದರೆ ಬೈಲಿನಿಂದ ಬೈಲಿಗೆ ಇಳಿಯುವ ತೋಡುಗಳಿವೆ. ಬೇಸಿಗೆಯಲ್ಲಿ ತೋಡಿಗೆ ಕಟ್ಟ ಹಾಕಿ ನೀರು ನಿಲ್ಲಿಸುವ ಪದ್ಧತಿ ಇದೆ, ಮದಗಗಳಿವೆ, ಸೊಪ್ಪು ದರಲೆಗೆ ಹಾಡಿ ಇದೆ, ಕುಮ್ಕಿ ಜಾಗ ಇದೆ. ಇವುಗಳಲ್ಲಿ ಬಹಳಷ್ಟು ಯಾರದ್ದು ಅಂತ ಕೇಳಿದರೆ ಊರಿನದ್ದು ಅನ್ನುತ್ತಾರೆ. ಕಾಗದದಲ್ಲಿ ಊರು ಅನ್ನುವ ಮಾಲೀಕ ಇಲ್ಲ.

ಸರ್ಕಾರದ ದಿಶಾಂಕ್ ಆ್ಯಪ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಕೆರೆ, ಕಾಲುವೆ ಗುರುತು ಮಾಡಿದ ಹಳೇ ಗ್ರಾಮ ನಕ್ಷೆಯೂ ಸಿಗುತ್ತದೆ. ಊರಿನಲ್ಲಿ ನನ್ನ ಜೊತೆ ಹೈಸ್ಕೂಲು ಓದಿದ ಇಬ್ಬರು ಮತ್ತು ನಾನು ಕಳೆದ ರಜೆಯಲ್ಲಿ ಯಡ್ತರೆಯ ಮದಗ, ತೋಡುಗಳನ್ನು ಒಂದು ಎಕ್ಸೆಲ್ ಶೀಟಿಗೆ ಹಾಕುತ್ತ ಕೂತೆವು. ಸರ್ವೆ ನಂಬರ್, ಉದ್ದ, ಯಾವ ಬೈಲಿನಿಂದ ಯಾವ ಬೈಲಿಗೆ, ಕಟ್ಟ ಹಾಕುವ ಜಾಗ, ಈಗ ಯಾರು ಹಾಕುತ್ತಾರೆ. ಕೊನೆಯ ಕಾಲಂ ಬಹಳ ಕಡೆ ಖಾಲಿ. ಅಪ್ಪಯ್ಯನಿಗೆ ಗೊತ್ತಿರುವ ತೋಡುಗಳಲ್ಲಿ ಎರಡು ನಕ್ಷೆಯಲ್ಲೇ ಇಲ್ಲ. ಅವನ್ನು ನಡೆದೇ ಅಳೆಯಬೇಕು, ಅದೂ ಮಳೆ ಹಿಡಿಯುವುದರ ಒಳಗೆ. ಅಪ್ಪಯ್ಯನ ಮೊಣಕಾಲು ನೋವು ಕಡಿಮೆ ಆದ ಒಂದು ಬೆಳಿಗ್ಗೆ ನೋಡಿ ಹೊರಡುವುದು ಅಂತ ಮಾತಾಗಿದೆ.